ಪಾಕಕ್ಕೆ ಬೆರಳಿಟ್ಟವಳು

ನಾನು ಮದುವೆಯಾಗಿ ಬಂದ ನಾಲ್ಕನೇ ದಿನ ಮಧ್ಯಾಹ್ನ ನಮ್ಮನೆಯವರು ಹೊತ್ತಿಗೆ ಮುಂಚೆಯೇ ಮಿಠಾಯಿ ಕಾರ್ಖಾನೆಯ ಕೆಲಸದಿಂದ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಎಡಗಡೆ ಕತ್ತಿನಿಂದ ಹೆಗಲವರೆಗೆ ಏನೋ ಹೊಳೆಯುತ್ತಿತ್ತು. ಬೆವರು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಸಕ್ಕರೆ. ಕುದಿಯುವ ಪಾಕ ಚರ್ಮದ ಮೇಲೆ ಬಿದ್ದು ಗಾಜಿನ ಹಾಗೆ ಗಟ್ಟಿಯಾಗಿತ್ತು, ಅಂಗಿಯ ಕಾಲರು ಅದರೊಳಗೇ ಸೇರಿಹೋಗಿತ್ತು. ಉಗುರು ಹಾಕಿ ಕೀಳಲು ಹೋದೆ. ಅತ್ತೆ ನನ್ನ ಕೈ ಮೇಲೆ ಒಂದೇಟು ಹಾಕಿದರು. ಕಿತ್ತರೆ ಚರ್ಮವೂ ಬರುತ್ತೆ, ನೀರು ಸುರಿದು ಕರಗಿಸು ಅಂದರು. ಸಂಜೆಯವರೆಗೂ ಚೊಂಬು ಚೊಂಬು ತಣ್ಣೀರು ಸುರಿದೆ. ನೆಲವೆಲ್ಲ ಅಂಟು, ಗೋಡೆಯಿಂದ ಇರುವೆ ಸಾಲು. ಸಕ್ಕರೆ ಕರಗಿದ ಕಡೆಯೆಲ್ಲ ಕೆಂಪು ಮಾಂಸ ಕಾಣಿಸಿತು.

ಯಾರು ಹಾಕಿದ್ದು ಅಂತ ಕೇಳಿದೆ. ಯಜಮಾನ ಅಂದರು. ಪಾಕ ಒಂದು ಚೂರು ಹೆಚ್ಚು ಕೆಂಪಾಯಿತಂತೆ. ಉರಿ ನೋಡಿಕೊಳ್ಳುವವನು ಬೇರೆ, ಇವರು ಕಡಾಯಿ ಇಳಿಸುವವರು ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಯಜಮಾನ ಒಂದು ಸೌಟು ಪಾಕ ತೆಗೆದು ಇವರ ಮೇಲೆ ಎರಚಿದ. ಇದನ್ನೆಲ್ಲ ಹೇಳುತ್ತಾ ಬಲಗೈ ಮುಷ್ಟಿ ಬಿಚ್ಚಿದರು. ಒಳಗೆ ಕಾಗದ ಸುತ್ತಿದ ಐದು ಪೆಪ್ಪರಮೆಂಟು ಇತ್ತು. ಹೊಸದಾಗಿ ಬಂದವಳಿಗೆ ಕೊಡು ಅಂತ ಅಕ್ಕ ಕೊಟ್ಟಳು ಅಂದರು. ಯಾವ ಅಕ್ಕ? ಯಜಮಾನನ ಮಗಳು.

ಅಪ್ಪ ಸುಡುವುದು, ಮಗಳು ಮಿಠಾಯಿ ಕೊಡುವುದು, ಇದೆಂಥ ಮನೆಯಪ್ಪಾ ಅನ್ನಿಸಿತು. ಆ ಐದನ್ನೂ ತಿಂದೆ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು.

ಇವರ ಹೆಗಲು ಮೇಲೇಳುವುದಕ್ಕೆ ಮೂರು ತಿಂಗಳು ಬೇಕಾಯಿತು. ಅಷ್ಟು ದಿನ ಒಲೆ ಉರಿಯಬೇಕಲ್ಲ, ಅದಕ್ಕೆ ನಾನೇ ಕಾರ್ಖಾನೆಗೆ ಹೋದೆ. ಉದ್ದನೆಯ ಕೋಣೆ, ಮೇಲೆ ತಗಡು, ಒಂದು ಗೋಡೆಗೆ ಆರು ಒಲೆ, ಒಲೆಗೊಂದು ತಾಮ್ರದ ಕಡಾಯಿ. ಮಧ್ಯೆ ಎಣ್ಣೆ ಸವರಿದ ಕಲ್ಲಿನ ಹಾಸು. ಕುದಿದ ಪಾಕವನ್ನು ಅದರ ಮೇಲೆ ಸುರಿದು, ಮಡಚಿ, ಮುದ್ದೆ ಮಾಡುತ್ತಾರೆ. ಎದುರು ಗೋಡೆಯಲ್ಲಿ ಆಳೆತ್ತರಕ್ಕೆ ಒಂದು ಕಬ್ಬಿಣದ ಕೊಕ್ಕೆ. ಬಿಸಿ ಮುದ್ದೆಯನ್ನು ಕೊಕ್ಕೆಗೆ ಎಸೆದು, ಜಗ್ಗಿ, ಮತ್ತೆ ಎಸೆದು, ಮತ್ತೆ ಜಗ್ಗಿ, ಅದು ಬೆಳ್ಳಗಾಗುವತನಕ ಎಳೆಯಬೇಕು. ಗಂಡಸರೇ ಅರ್ಧ ಗಂಟೆಗೆ ಸುಸ್ತಾಗುವ ಕೆಲಸ. ನಾನು ಹೋದ ದಿನ ಕೊಕ್ಕೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ತೋಳು ಒನಕೆಯ ಹಾಗೆ. ಅವಳೇ ಅಕ್ಕ. ಬಲಗಿವಿ ಕೇಳಿಸುತ್ತಿರಲಿಲ್ಲ, ಅಪ್ಪನ ಕೈಯ ಪ್ರಸಾದ. ಆ ಕಡೆಯಿಂದ ಮಾತಾಡಿಸಿದರೆ, "ಈ ಕಿವಿ ಅಪ್ಪಂಗೆ ಬರ್ಕೊಟ್ಟಿದೀನಿ, ಆ ಕಡೆ ಬಾ" ಅನ್ನುತ್ತಿದ್ದಳು.

ನನಗೆ ಸಿಕ್ಕಿದ್ದು ನೀರಿನ ಕೆಲಸ. ಅದನ್ನು ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಆ ನೀರಿನಿಂದಲೇ ಆದದ್ದು. ಆ ಕಾರ್ಖಾನೆಯಲ್ಲಿ ಶಾಖ ಅಳೆಯುವ ಮೀಟರು ಇರಲಿಲ್ಲ. ಯಜಮಾನನ ಅಪ್ಪ ಒಂದೇ ಒಂದು ಕಡಾಯಿಯಿಂದ ಶುರು ಮಾಡಿದ ವ್ಯಾಪಾರ ಅದು. ಆಮೇಲೆ ಬಿಸ್ಕತ್ತು, ಜಾಮು ಅಂತ ಬೆಳೆದು ರಸ್ತೆಯ ಎರಡೂ ಕಡೆ ಅವರದೇ ಕಟ್ಟಡ ಆಯಿತು. ಆದರೆ ಆ ಹಿರಿಯ ಹಾಕಿಟ್ಟ ಕಟ್ಟಳೆ ಒಂದೇ, ಕೈ ಇದ್ದವರಿಗೆ ಕಾರ್ಖಾನೆ. ಯಜಮಾನನ ಮನೆಯವರೇ ಪಾಕಕ್ಕೆ ಬೆರಳಿಟ್ಟು ಹದ ಹೇಳಬೇಕು, ನಾನು ಹೋದಾಗ ಅದು ಅಕ್ಕನ ಕೆಲಸ. ಮೂರು ಬೆರಳನ್ನು ಐಸು ಹಾಕಿದ ನೀರಿನಲ್ಲಿ ಅದ್ದಿ, ಕುದಿಯುವ ಪಾಕಕ್ಕೆ ಇಟ್ಟು ಚಿಟಿಕೆಯಷ್ಟು ತೆಗೆದು, ಮತ್ತೆ ನೀರಿಗೆ. ಒಂದೇ ಉಸಿರಿನಲ್ಲಿ ಆಗಬೇಕು. ನೀರು ತಣ್ಣಗಿದ್ದರೆ ಪಾಕ ತಕ್ಷಣ ಗಟ್ಟಿಯಾಗಿ ಬೆರಳಿಂದ ಕಳಚುತ್ತೆ. ಅದನ್ನು ಹಿಚುಕಿ, ಹಲ್ಲಲ್ಲಿ ಕಡಿದು, ಎಳೆ ಪಾಕವೋ ಉಂಡೆ ಪಾಕವೋ ಗಾಜು ಪಾಕವೋ ಹೇಳುವುದು. ನೀರು ಬೆಚ್ಚಗಿದ್ದರೆ ಮುಗಿಯಿತು, ಪಾಕ ಬೆರಳಿಗೆ ಕಚ್ಚಿ ಅಲ್ಲೇ ಬೇಯುತ್ತೆ.

ಪ್ರತಿ ಕಡಾಯಿಗೂ ಬೋಗುಣಿಯ ನೀರು ಬದಲಾಯಿಸುವುದು, ಐಸು ಹಾಕುವುದು, ನನ್ನ ಬೆರಳಿಟ್ಟು ನೋಡಿ ಆಮೇಲೆ ಕೊಡುವುದು, ಇದು ನನ್ನ ಕೆಲಸ. ಬೋಗುಣಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಅದು ಅಕ್ಕನ ಕಟ್ಟಪ್ಪಣೆ. ಇವರು ವಾಸಿಯಾಗಿ ಕೆಲಸಕ್ಕೆ ಮರಳಿದ ಮೇಲೂ ನಾನು ಅಲ್ಲೇ ಉಳಿದೆ. ಎಲ್ಲರೂ ನನ್ನನ್ನು ನೀರಮ್ಮ ಅಂತ ಕರೆಯತೊಡಗಿದರು. ಪ್ಯಾಕಿಂಗ್ ಕೋಣೆಯ ಹೆಂಗಸರು ನಗುತ್ತಿದ್ದರು. ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ, ಸಕ್ಕರೆ ತಿಂದೋರಿಗೆ ನೀರಮ್ಮ ಇದಾಳೆ ಬಿಡು ಅಂತ.

ಅಕ್ಕ ಯಾಕೆ ಆ ನೀರಿಗೆ ಅಷ್ಟು ಜೋತುಬಿದ್ದಿದ್ದಳು ಅಂತ ನನಗೆ ಒಂದು ವರ್ಷದ ಮೇಲೆ ಗೊತ್ತಾಯಿತು. ಒಂದು ದಿನ ಊಟದ ಹೊತ್ತಿನಲ್ಲಿ ಸೂಜಿ ತೆಗೆದು ತನ್ನ ಬಲಗೈಯ ಮೂರು ಬೆರಳಿಗೂ ಒಂದೊಂದು ಸಲ ಚುಚ್ಚಿ ತೋರಿಸಿದಳು. ಮುಖದ ಒಂದು ಗೆರೆ ಅಲುಗಲಿಲ್ಲ. ಹತ್ತನೇ ವಯಸ್ಸಿನಿಂದ ಪಾಕಕ್ಕೆ ಇಟ್ಟೂ ಇಟ್ಟೂ ಆ ಬೆರಳು ಸತ್ತುಹೋಗಿದ್ದವು. ಒತ್ತಿದರೆ ಗಟ್ಟಿಯೋ ಮೆತ್ತಗೋ ಗೊತ್ತಾಗುತ್ತಿತ್ತು, ಬಿಸಿನೀರು ಯಾವುದು ತಣ್ಣೀರು ಯಾವುದು ಗೊತ್ತಾಗುತ್ತಿರಲಿಲ್ಲ.

"ತಮ್ಮ ಚಿಕ್ಕವನಿದ್ದಾಗ ಅಳು ನಿಲ್ಲಿಸೋಕೆ ಇದನ್ನ ತೋರಿಸ್ತಿದ್ದೆ. ನಗ್ತಿದ್ದ" ಅಂದಳು. "ಅವನು, ನಾನು, ಈಗ ನೀನು. ಇನ್ನೊಬ್ಬರಿಗೆ ಗೊತ್ತಾಗಬಾರದು. ಅಪ್ಪಂಗೆ ಗೊತ್ತಾದ್ರೆ ಕೈ ಹೋಯ್ತು ಅಂತ ಆಚೆ ಹಾಕ್ತಾನೆ."

ತಮ್ಮ ಅಂದರೆ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವನನ್ನು ಹೆತ್ತ ವಾರಕ್ಕೇ ತಾಯಿ ತೀರಿಕೊಂಡಿದ್ದಳಂತೆ. ಅಕ್ಕನೇ ಎತ್ತಿ ಆಡಿಸಿದ್ದು, ಅವನ ಪಾಲಿನ ಏಟೂ ಅಕ್ಕನೇ ತಿಂದದ್ದು. ನಾವೆಲ್ಲ ಅವನನ್ನು ಚಿಕ್ಕೋರು ಅಂತ ಕರೆಯುತ್ತಿದ್ದೆವು. ಅವನಿಗೆ ಮೀಸೆ ಚಿಗುರುವ ಹೊತ್ತಿಗೆ ಯಜಮಾನ ಅವನನ್ನು ಕತ್ತಿನ ಪಟ್ಟಿ ಹಿಡಿದು ಮೂರನೇ ಕಡಾಯಿಯ ಮುಂದೆ ತಂದು ನಿಲ್ಲಿಸಿದ. ಬೆರಳಿಡು ಅಂದ. ಚಿಕ್ಕೋರು ನೀರಿಗೇನೋ ಅದ್ದಿದರು, ಪಾಕದ ಹತ್ತಿರ ಹೋದ ಕೈ ಹಿಂದಕ್ಕೆ ಬಂತು. ಮತ್ತೆ ಅದ್ದಿದರು, ಮತ್ತೆ ಬಂತು. ಮೂರನೇ ಸಲ ಯಜಮಾನ ಮಣಿಕಟ್ಟು ಹಿಡಿದು ತಾನೇ ಒತ್ತಲು ಹೋದ. ಹುಡುಗನ ಪ್ಯಾಂಟು ಒದ್ದೆಯಾಯಿತು. ಪ್ಯಾಕಿಂಗ್ ಕೋಣೆಯಿಂದ ಯಾರೋ ಕಿಸಕ್ಕನೆ ನಕ್ಕರು.

ಅಷ್ಟರಲ್ಲಿ ಅಕ್ಕ ಪಾಕ ತಿರುವುವ ಮರದ ಹುಟ್ಟು ಎತ್ತಿ ಅಪ್ಪನ ಬೆನ್ನಿಗೆ ಬಿಟ್ಟಳು. ಯಜಮಾನ ಮುಗ್ಗರಿಸಿದ, ಎದ್ದ, ಅವಳ ಕೈಯಿಂದ ಅದೇ ಹುಟ್ಟು ಕಿತ್ತುಕೊಂಡ. ಮೊದಲನೇ ಏಟಿಗೆ ಎರಡು ಹಲ್ಲು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಕತ್ತಿನ ಕೆಳಗಿನ ಮೂಳೆ ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಒಣ ಸೌದೆ ಮುರಿದ ಹಾಗೆ. ಆಮೇಲೆ ಎಣಿಸಲಿಲ್ಲ. ನಮ್ಮನೆಯವರು ಮತ್ತೆ ಇಬ್ಬರು ಸೇರಿ ಹಿಡಿಯುವ ಹೊತ್ತಿಗೆ ಅವಳು ಸಕ್ಕರೆ ಮೂಟೆಗೆ ಒರಗಿ ಕೂತಿದ್ದಳು, ಬಾಯಿಂದ ರಕ್ತ ಸುರಿದು ಮೂಟೆ ನೆನೆದಿತ್ತು. ತಮ್ಮ ಆ ಮೂಟೆಗಳ ಹಿಂದೆ ಮುದುರಿಕೊಂಡಿದ್ದ. ಅಷ್ಟು ಏಟು ತಿಂದರೂ ಅವಳು ಕೇಳಿದ್ದು ಒಂದೇ, ಅವನ ಕೈ ಸರಿ ಇದೆಯಾ ಅಂತ.

ಯಜಮಾನ ಸತ್ತದ್ದು ಅದಾಗಿ ಏಳು ವರ್ಷಕ್ಕೆ. ಒಲೆಯ ಮುಂದೆ ಯಾರಿಗೋ ಬೈಯುತ್ತಾ ಬೈಯುತ್ತಾ ಬಾಯಿ ಒಂದು ಕಡೆಗೆ ಎಳೆದು ಬಿದ್ದ. ಸಾಯುವಾಗಲೂ ಸೌಟು ಬಿಡಲಿಲ್ಲ, ಬೆರಳು ಬಿಡಿಸಬೇಕಾಯಿತು. ಒಂದು ತಿಂಗಳ ಮೇಲೆ ಲಾಯರು ಬಂದು ಉಯಿಲು ಓದಿದ, ಕಾರ್ಖಾನೆಯ ಒಳಗೇ, ನಮ್ಮೆಲ್ಲರ ಮುಂದೆ. ಹಾಗೇ ಓದಬೇಕು ಅಂತ ಅದರಲ್ಲೇ ಬರೆದಿತ್ತು. ಮಗಳು ಕೆಲಸದವರೆಲ್ಲರ ಎದುರಿಗೆ ಮೂರು ಕಡಾಯಿಗೆ ಬೆರಳಿಟ್ಟು ಮೂರೂ ಹದ ಸರಿಯಾಗಿ ಹೇಳಿದರೆ ಕಾರ್ಖಾನೆ, ಮನೆ, ಎಲ್ಲ ಅವಳದು. ಒಂದು ತಪ್ಪಿದರೂ, ಕೂಗಿ ಕೈ ಎಳೆದುಕೊಂಡರೂ, ಎಲ್ಲ ಮಗನದು. ಇನ್ನೊಬ್ಬರಿಗೆ ಆ ಮನೆಯಲ್ಲಿ ಒಂದು ಕೋಣೆ, ಎರಡು ಹೊತ್ತಿನ ಊಟ. ಸತ್ತ ಮೇಲೂ ಮಕ್ಕಳಿಬ್ಬರನ್ನು ಕಡಾಯಿಯ ಮುಂದೆ ನಿಲ್ಲಿಸಿದ ಅಂದೆ ನಾನು. ನಮ್ಮನೆಯವರು ಸುಮ್ಮನಿರು ಅಂದರು.

ಅಕ್ಕ ಮಾಡಿದ ತಪ್ಪು ಅಲ್ಲಿದೆ. ಒಳ್ಳೇದಕ್ಕೇ ಅಂತ ಮಾಡಿದ್ದು. ಲಾಯರು ಓದಿ ಮುಗಿಸಿದ ತಕ್ಷಣ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ನೀನು ಹೆದರ್ಬೇಡ ಕಣೋ. ನಾನು ಬೆರಳಿಡ್ತೀನಿ, ಅರ್ಧ ನಿಂಗೆ ಬರ್ಕೊಡ್ತೀನಿ" ಅಂದಳು. ಹೆದರಬೇಡ ಅಂದದ್ದೇ ತಡ, ಪ್ಯಾಕಿಂಗ್ ಕೋಣೆಯ ಒಬ್ಬಳು ಪಕ್ಕದವಳಿಗೆ, ಬೇರೆ ಪ್ಯಾಂಟು ತಂದಿದಾರೋ ಕೇಳು ಅಂದಳು. ಅರವತ್ತು ಜನ ನಕ್ಕರು. ನಾನೂ ನಕ್ಕೆ. ಚಿಕ್ಕೋರು ಅಕ್ಕನ ಕೈಯನ್ನು ಹೆಗಲಿಂದ ತೆಗೆದು ಪಕ್ಕಕ್ಕಿಟ್ಟರು, ಯಾರದೋ ವಸ್ತು ಎತ್ತಿಟ್ಟ ಹಾಗೆ.

ಪರೀಕ್ಷೆಯ ದಿನ ಬೇರೆ ಊರಿನಿಂದ ಒಬ್ಬ ಪಾಕದ ಮೇಸ್ತ್ರಿ ಬಂದಿದ್ದ. ಅವನ ಹತ್ತಿರ ಮೀಟರು ಇತ್ತು. ಅಕ್ಕ ಹದ ಹೇಳಿ ಇಳಿಸಿ ಅಂದ ಮೇಲೆ ಅವನು ಮೀಟರು ಹಾಕಿ ನೋಡಿ ಲಾಯರಿಗೆ ತಲೆಯಾಡಿಸಬೇಕು. ಅಕ್ಕ ತೋಳು ಮಡಚಿ ನಿಂತಳು. ಮದುವೆಯಿಲ್ಲ, ಮಕ್ಕಳಿಲ್ಲ, ಮೂವತ್ತಮೂರು ವರ್ಷ ಆ ತಗಡಿನ ಕೆಳಗೇ ಸವೆಸಿದವಳು. ಇವತ್ತು ಸೋತರೆ ಅವಳಿಗೆ ಉಳಿಯುವುದು ಒಂದು ಕೋಣೆ, ಒಂದು ತಟ್ಟೆ.

ಮೊದಲನೇ ಕಡಾಯಿ, ಎಳೆ ಪಾಕ. ಸರಿ ಇತ್ತು. ಎರಡನೆಯದು ಉಂಡೆ ಪಾಕ. ಅದೂ ಸರಿ. ಮೂರನೆಯದು ಗಾಜು ಪಾಕ, ಎಲ್ಲಕ್ಕಿಂತ ಹೆಚ್ಚು ಕಾಯುವುದು. ನಾನು ನೀರು ಚೆಲ್ಲಿ ಹೊಸ ನೀರಿಗೆ ಹೊರಟೆ. ಚಿಕ್ಕೋರು ಎದುರು ಬಂದರು. "ಕೊಡಿ ನೀರಮ್ಮ, ನಾನು ತರ್ತೀನಿ. ಅಕ್ಕಂಗೆ ಇಷ್ಟಾದ್ರೂ ಮಾಡ್ಬೇಡ್ವಾ" ಅಂದರು. ಹುಟ್ಟಿದಾಗಿನಿಂದ ಅಲ್ಲಿ ಒಂದು ಹುಲ್ಲುಕಡ್ಡಿ ಎತ್ತಿಟ್ಟವರಲ್ಲ. ಬೋಗುಣಿ ಬೇರೆಯವರು ಮುಟ್ಟಬಾರದು ಅಂತ ಬಾಯಿಗೆ ಬಂತು. ಯಜಮಾನನ ಮಗನಿಗೆ ಹೇಗೆ ಹೇಳುವುದು? ಕೊಟ್ಟೆ. ತಂದರು, ಮೇಲೆ ಬಟ್ಟೆ ಮುಚ್ಚಿತ್ತು. ಅವರ ಕಣ್ಣೆದುರಿಗೇ ನಾನು ಬೆರಳಿಟ್ಟರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತಲ್ಲ ಅನ್ನಿಸಿತು. ಮರ್ಯಾದೆ ಅಡ್ಡ ಬಂತು. ಹನ್ನೊಂದು ವರ್ಷ ಒಂದು ಕಡಾಯಿಯೂ ಬಿಡದೆ ಇಟ್ಟ ಬೆರಳು ಅವತ್ತು ಇಡಲಿಲ್ಲ. ಬಟ್ಟೆ ತೆಗೆದು ಅಕ್ಕನ ಮುಂದಿಟ್ಟೆ.

ಅವಳು ಅದ್ದಿದಳು. ಸತ್ತ ಬೆರಳಿಗೆ ಏನು ಗೊತ್ತಾಗಬೇಕು? ಪಾಕಕ್ಕಿಟ್ಟಳು, ತೆಗೆದಳು, ನೀರಿಗೆ ಹಾಕಿದಳು. ಪಾಕ ಗಟ್ಟಿಯಾಗಲಿಲ್ಲ. ಬೆರಳಿನ ಉದ್ದಕ್ಕೂ ಇಳಿದು ಅಂಗೈಗೆ ಬಂತು. ಅಂಗೈಗೆ ಜೀವ ಇತ್ತು. ಅವಳ ಮೈ ಒಂದು ಸಲ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಸುಟ್ಟ ವಾಸನೆ ಬಂತು, ಸಕ್ಕರೆಯದಲ್ಲ. ಅವಳು ಕೂಗಲಿಲ್ಲ. ಕೆಳದುಟಿ ಹಲ್ಲಲ್ಲಿ ಸಿಕ್ಕಿ ತುಂಡಾಗಿ ರಕ್ತ ಬಂತು. ಕೈ ಮೇಲೆತ್ತಿ, ಬೆರಳಿಗೆ ಕಚ್ಚಿದ ಪಾಕವನ್ನು ಚರ್ಮದ ಸಮೇತ ಎಡಗೈಯಲ್ಲಿ ಕಿತ್ತು, ಬಾಯಿಗೆ ಹಾಕಿ ಕಡಿದಳು. ಕಟಕ್ ಅಂತು.

"ಗಾಜು ಪಾಕ. ಇಳಿಸಿ" ಅಂದಳು.

ಮೇಸ್ತ್ರಿ ಕಡಾಯಿಯ ಮೇಲೆ ಬಗ್ಗಿದ. ಮೀಟರು ನೋಡಿ ಸರಿ ಅಂತ ತಲೆಯಾಡಿಸಿದ.

ನಾನು ಆಗ ಬೋಗುಣಿಗೆ ಬೆರಳಿಟ್ಟೆ. ಬಿಸಿ. ಬಿಸಿನೀರು ಅಂತ ನಾನು ಕೂಗಿದ್ದೇ ಸರಿ, ಕಾರ್ಖಾನೆ ಎದ್ದುಬಿಟ್ಟಿತು. ಚಿಕ್ಕೋರು ಓಡಿದರು, ಬಾಗಿಲು ಮುಟ್ಟಲಿಲ್ಲ. ಹುಟ್ಟಿನಲ್ಲಿ, ಸೌಟಿನಲ್ಲಿ, ಕಾಲಿನಲ್ಲಿ, ಯಾರ ಕೈಗೆ ಏನು ಸಿಕ್ಕಿತೋ ಅದರಲ್ಲಿ ಹೊಡೆದರು. ಏಳು ವರ್ಷದ ಕೆಳಗೆ ನಕ್ಕವಳೇ ಅವನ ಪಕ್ಕೆಗೆ ಒದೆಯುತ್ತಿದ್ದಳು. ನಮ್ಮನೆಯವರು ಯಾರಿಗೂ ಕೈ ಎತ್ತಿದವರಲ್ಲ, ಕತ್ತಿನ ಮೇಲಿನ ಕಲೆ ಕೆಂಪಗಾಗಿ, ಅವನ ಕೂದಲು ಹಿಡಿದು ಎಳೆದುಕೊಂಡು ಹೋಗಿ ಮುಖವನ್ನು ಕಡಾಯಿಯ ಮೇಲೆ ಬಗ್ಗಿಸಿದರು. ಇನ್ನೊಂದು ಗೇಣು ಅಷ್ಟೆ.

ಅಕ್ಕ ಬಂದು ಮೊಣಕೈಯಲ್ಲಿ ಇವರ ಎದೆಗೆ ಗುದ್ದಿದಳು. "ಬಿಡೋ. ಅವನು ನನ್ನ ಪಾಲಿಗೆ ಬಂದೋನು" ಅಂದಳು.

ಉಳಿಸುತ್ತಾಳೆ ಅಂದುಕೊಂಡೆವು. ಅವಳು ಎಡಗೈಯಲ್ಲಿ ತಮ್ಮನ ಬಲಗೈ ಮಣಿಕಟ್ಟು ಹಿಡಿದಳು. ಅವನು ಅಕ್ಕಾ ಅಕ್ಕಾ ಅಂದ. ಹಿಂದೆ ಯಜಮಾನ ಹಿಡಿದ ಹಾಗೇ ಹಿಡಿದಿದ್ದಳು, ಯಜಮಾನನ ಹಾಗೇ ಹುಬ್ಬು ಗಂಟಿಕ್ಕಿತ್ತು. ನೀರಿಲ್ಲ, ಏನಿಲ್ಲ. ಮಣಿಕಟ್ಟಿನತನಕ ಒತ್ತಿದಳು. ಆ ಕೂಗನ್ನು ನಾನು ಬರೆಯಲಾರೆ.

ಆಸ್ಪತ್ರೆಯಲ್ಲಿ ಕಡಾಯಿ ಜಾರಿತು ಅಂತ ಹೇಳಿದೆವು. ಒಂದೇ ಕಡಾಯಿ ಇಬ್ಬರ ಬಲಗೈ ಮೇಲೂ ಹೇಗೆ ಜಾರಿತು ಅಂತ ಡಾಕ್ಟರು ಕೇಳಿದ. "ಒಂದೇ ಮನೆಯವರು ಸಾರ್, ಎಲ್ಲದರಲ್ಲೂ ಪಾಲು" ಅಂದರು ನಮ್ಮನೆಯವರು. ಡಾಕ್ಟರು ಕಡಾಯಿ ಜಾರಿತು ಅಂತಲೇ ಬರೆದುಕೊಂಡ. ಅಕ್ಕನ ಮೂರು ಬೆರಳು ತೆಗೆದರು. ತಮ್ಮನ ಕೈ ಉಳಿಯಿತು, ಆದರೆ ಮುಷ್ಟಿ ಕಟ್ಟಿದ್ದು ಮತ್ತೆ ಬಿಚ್ಚಲಿಲ್ಲ.

ಮೂರನೇ ದಿನ ನಾನು ಅಕ್ಕನ ಮಂಚದ ಹತ್ತಿರ ಹೋಗಿ, ಬೆರಳಿಡದೆ ಕೊಟ್ಟೆ ಅಕ್ಕಾ, ಚಿಕ್ಕೋರು ಏನಂದ್ಕೋತಾರೋ ಅಂತ ಇಡಲಿಲ್ಲ ಅಂದೆ. ಎಡಗೈಯಲ್ಲಿ ನನ್ನ ಕೆನ್ನೆಗೆ ಬಾರಿಸಿದಳು. ಕಣ್ಣು ಕತ್ತಲೆ ಬಂತು. ಆಮೇಲೆ ಅದೇ ಕೈಯಲ್ಲಿ ನನ್ನ ತೋರುಬೆರಳು ಹಿಡಿದುಕೊಂಡು, "ಇನ್ಮೇಲೆ ಈ ಬೆರಳು ನಂದು" ಅಂದಳು.

ಹಾಗೇ ಆಯಿತು. ಅವಳು ಕುಡಿಯುವ ನೀರು, ಸ್ನಾನದ ನೀರು, ಕಾಫಿ, ಔಷಧಿ, ನಾನು ಬೆರಳಿಡದೆ ಅವಳು ಮುಟ್ಟುತ್ತಿರಲಿಲ್ಲ. ನಮ್ಮನೆಯವರು ತೀರಿಕೊಂಡ ಮೇಲೆ ನನ್ನನ್ನು ಮಹಡಿಯ ತನ್ನ ಪಕ್ಕದ ಕೋಣೆಗೇ ಕರೆಸಿಕೊಂಡಳು. ಕಡಾಯಿಗಳಿಗೆಲ್ಲ ಮೀಟರು ತರಿಸಿದಳು, ಕೊಕ್ಕೆಯ ಕೆಲಸಕ್ಕೆ ಯಂತ್ರ ತರಿಸಿದಳು, ಜಾಮಿನ ಕಟ್ಟಡಕ್ಕೆ ಇನ್ನೊಂದು ಅಂತಸ್ತು ಏರಿಸಿದಳು. ಆದರೆ ಅಪ್ಪನ ಹುಟ್ಟನ್ನು ಎಸೆಯಲಿಲ್ಲ, ಕುರ್ಚಿಯ ಪಕ್ಕದಲ್ಲಿಟ್ಟುಕೊಂಡಳು. ಒಂದು ಸಲ ಬಿಸ್ಕತ್ತು ಸೀದದ್ದಕ್ಕೆ ಒಲೆಯವನ ಮೊಣಕಾಲಿಗೆ ಹೊಡೆದಳು, ಅವನು ಇವತ್ತಿಗೂ ಕುಂಟುತ್ತಾನೆ. ಸಂಜೆ ಅವನ ಹೆಂಡತಿಗೆ ಒಂದು ಡಬ್ಬಿ ಪೆಪ್ಪರಮೆಂಟು ಕಳಿಸಿದಳು. ತೆಗೆದುಕೊಂಡು ಹೋದವಳು ನಾನೇ. ಆ ಹೆಂಗಸು ನನ್ನ ಮುಖ ನೋಡಿದ ರೀತಿ ನನಗೆ ಗುರುತಿತ್ತು.

ಬರೆದುಕೊಡುತ್ತೇನೆ ಅಂದ ಅರ್ಧ ಬರೆದುಕೊಡಲಿಲ್ಲ. ತಮ್ಮ ಕೆಳಗಿನ ಕೋಣೆಯಲ್ಲೇ ಉಳಿದ. ಬೇರೆಲ್ಲಿಗೆ ಹೋದಾನು? ಎಡಗೈಯಲ್ಲಿ ಉಣ್ಣುವುದು, ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುವುದು. ಮೂವತ್ತು ವರ್ಷ ಅಕ್ಕ ತಮ್ಮನ ನಡುವೆ ಮಾತಿಲ್ಲ. ಮಾತಿಲ್ಲ ಅಂದರೆ ಸದ್ದಿಲ್ಲ ಅಂತಲ್ಲ. ಅವನು ಕೆಳಗಿಂದ ತಟ್ಟೆ ಗೋಡೆಗೆ ಬೀಸುತ್ತಿದ್ದ, ಇವಳು ಮೇಲಿಂದ ಹುಟ್ಟಿನಲ್ಲಿ ಅವನ ನೆತ್ತಿಯ ಮೇಲಕ್ಕೇ ಬರುವ ಹಾಗೆ ನೆಲ ಕುಟ್ಟುತ್ತಿದ್ದಳು. ಒಂದು ದಿನ ಮೆಟ್ಟಿಲಲ್ಲಿ ಎದುರಾದಾಗ ಅವನು ಆ ಮುಷ್ಟಿ ಕೈಯಿಂದಲೇ ಅವಳ ಮುಖಕ್ಕೆ ಗುದ್ದಿದ, ಇವಳು ಕಾಲೊಡ್ಡಿ ಬೀಳಿಸಿದಳು, ಇಬ್ಬರೂ ಉರುಳಿಕೊಂಡು ಹೋಗಿ ಕೆಳಗೆ ಬಿದ್ದರು. ಅರವತ್ತರ ಹೆಂಗಸು, ಐವತ್ತರ ಗಂಡಸು. ಬಿಡಿಸಲು ಹೋದ ನನ್ನ ಹಣೆ ಒಡೆಯಿತು. ಹೊಲಿಗೆ ಹಾಕಿದ ಗುರುತು ಇನ್ನೂ ಇದೆ.

ಕೊನೆಗೆ ಅಕ್ಕನ ಎದೆಯಲ್ಲಿ ನೀರು ತುಂಬಿತು. ಇನ್ನು ಒಂದು ವಾರ ಅಂದ ಡಾಕ್ಟರು. ಅವಳು ಲಾಯರನ್ನು ಕರೆಸಿದಳು. ಹಳಬನ ಮಗ ಅವನು. ಕೈಯ ಕಟ್ಟಳೆ ತೆಗೆದುಹಾಕಿ ಅಂದಳು. ಅರ್ಧ ತಮ್ಮನಿಗೆ, ಅರ್ಧ ಕೆಲಸದವರಿಗೆ ಅಂತ ಬರೆಸಿ, ಎಡಗೈಯಲ್ಲಿ ರುಜು ಹಾಕಿದಳು. ಲಾಯರು ಹೋದ ಮೇಲೆ, ಕೆಳಗೆ ಹೋಗಿ ಹೇಳಲಾ ಅಂತ ಕೇಳಿದೆ.

"ಬೇಡ. ಹೇಳಿದ್ರೆ ಕಾಗದಕ್ಕೆ ಬಂದ ಹಾಗಾಗುತ್ತೆ. ಬರೋದಾದ್ರೆ ಹಾಗೇ ಬರ್ಲಿ" ಅಂದಳು. ಆಮೇಲೆ ದಿನವೂ ಮೆಟ್ಟಿಲ ಕಡೆಗೆ ಸರಿ ಇರುವ ಎಡಗಿವಿ ಮಾಡಿ ಮಲಗುತ್ತಿದ್ದಳು. ನಾನು ಅವಳ ಮಾತು ಅರ್ಧ ಮೀರಿದೆ. ಊಟದ ತಟ್ಟೆ ಇಡಲು ಹೋದಾಗ, ಚಿಕ್ಕೋರೇ, ಅಕ್ಕ ಈ ವಾರ ದಾಟಲ್ಲ ಅಂದೆ. ಕಾಗದದ ವಿಷಯ ಎತ್ತಲಿಲ್ಲ. ಅವರು ತಟ್ಟೆ ಎಳೆದುಕೊಂಡು ಉಂಡರು. ಅವತ್ತು ತಟ್ಟೆ ಬೀಸಲಿಲ್ಲ, ಅಷ್ಟೆ.

ಅವಳು ಹೋದದ್ದು ಮಂಗಳವಾರ ಬೆಳಿಗ್ಗೆ, ಮಲಗಿದ್ದ ಹಾಗೇ. ಹಿಂದಿನ ದಿನ ಮಧ್ಯಾಹ್ನ ಬಿಸಿಲು ಕಿಟಕಿಗೆ ಬಂದಿದ್ದ ಹೊತ್ತು, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒಂದು ಮೆಟ್ಟಿಲು ಹತ್ತಿ ನಿಲ್ಲುವುದು, ಇನ್ನೊಂದು ಹತ್ತಿ ನಿಲ್ಲುವುದು. ಅಕ್ಕ ಕಣ್ಣು ಬಿಟ್ಟಳು. ಚಿಕ್ಕೋರು ಬಾಗಿಲಲ್ಲಿ ನಿಂತಿದ್ದರು, ತಲೆಯೆಲ್ಲ ಬೆಳ್ಳಗೆ. ಎಡಗೈಯಲ್ಲಿ ಒಂದು ಲೋಟ ನೀರು. ಅದರಲ್ಲಿ ಅರ್ಧ ಮೆಟ್ಟಿಲ ಮೇಲೇ ಚೆಲ್ಲಿತ್ತು. "ಬಾಯಿ ಒಣಗಿರುತ್ತೇನೋ ಅಂತ" ಅಂದರು, ಅಕ್ಕನಿಗಲ್ಲ, ಗೋಡೆಗೆ.

ನಾನು ಎದ್ದೆ. ಈ ಸಲ ಯಾರ ಮರ್ಯಾದೆಯೂ ನೋಡಲಿಲ್ಲ. ಅವರು ಮಂಚದ ಹತ್ತಿರ ಬಂದು ಲೋಟ ಚಾಚಿದ ತಕ್ಷಣ ಅಡ್ಡ ಹೋಗಿ ನನ್ನ ಬೆರಳು ಲೋಟದ ಬಾಯಿಗೆ ತಂದೆ. ಅವರು ಲೋಟ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎರಡು ಬೆರಳು ಉಳಿದ ಅಕ್ಕನ ಬಲಗೈ ಹೊದಿಕೆಯಿಂದ ಆಚೆ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಬೇಡ ನೀರಮ್ಮ" ಅಂದಳು. "ಇವತ್ತು ನಿನ್ನ ಬೆರಳು ಇಡ್ಬೇಡ."